ಅಸಿಸ್ಟೆಡ್ ಚಿನ್-ಅಪ್ ಮಷೀನು, ಭುಜ ಕಿವಿಗೇರತ್ತೆ: ಅನುಭವ ಇದ್ದೋರು ಹೇಳಿ

ಹೊಸ ಸೇರ್ಪಡೆ: ನಂಗೆ ಒಂದೂ ಚಿನ್-ಅಪ್ (ಬಾರಿಗೆ ನೇತಾಡಿ ಗದ್ದ ಬಾರ್ ದಾಟೋ ತನಕ ಮೈ ಎಳ್ಕೊಳ್ಳೋದು) ಬರಲ್ಲ, ಅದಕ್ಕೆ ಮಂಡಿ ಊರೋ ಪ್ಯಾಡ್ ಇರೋ ಮಷೀನಲ್ಲಿ ಮಾಡ್ತಿದೀನಿ. ಮೈತೂಕ 62 ಕೆಜಿ, ಮಷೀನ್ ಎಷ್ಟು ಸಹಾಯ ಕೊಡ್ಬೇಕು ಅಂತ ಹಾಕೋ ಪಿನ್ 35ಕ್ಕೆ. ಮೊದಲ ನಾಲ್ಕೈದು ರೆಪ್ ಚೆನ್ನಾಗಿ ಬರತ್ತೆ, ಆಮೇಲೆ ಭುಜ ಕಿವಿ ಹತ್ರ ಏರಿಬಿಡತ್ತೆ, ಗದ್ದ ಚಾಚಿ ಹೆಂಗೋ ಮುಗಿಸ್ತೀನಿ. ಭುಜಕ್ಕೆ ಏನ್ ಮಾಡ್ಲಿ, ಪಿನ್ ಯಾವಾಗ ಬದಲಾಯಿಸ್ಲಿ?

ಬರೀಬಾರ್: ಮಷೀನ್ ಬಿಡಿ ಮೇಡಂ, ಸಿಟ್ಟಿಂದ್ಲೇ ಹೇಳ್ತಿದೀನಿ. ಟ್ರೇನರ್ ನನ್ನನ್ನ ತಿಂಗಳುಗಟ್ಟಲೆ ಅದ್ರ ಮೇಲೇ ಇಟ್ರು, ಸಹಾಯ ಕಮ್ಮಿ ಮಾಡ್ತಾ ಮಾಡ್ತಾ ಕೊನೇ ಪ್ಲೇಟಿಗೆ ಬಂದೆ, ಖುಷಿಯಾಗಿ ಬಾರಿಗೆ ನೇತುಬಿದ್ರೆ ಮೈ ಹಿಂದೆ ಮುಂದೆ ತೂಗಾಡತ್ತೆ, ಅರ್ಧಕ್ಕೂ ಏರಲಿಲ್ಲ. ಮಂಡೀನ ಪ್ಯಾಡ್ ಹೊತ್ಕೊಂಡಿರತ್ತಲ್ಲ, ಹೊಟ್ಟೆ ಬಿಗಿ ಹಿಡಿಯೋದು ಅಲ್ಲಿ ಕಲಿಯೋದೇ ಇಲ್ಲ. ಆಮೇಲೆ ನೆಗೆಟಿವ್ ಶುರು ಮಾಡ್ದೆ. ಸ್ಟೂಲ್ ಹತ್ತಿ ಗದ್ದ ಬಾರಿಂದ ಮೇಲೆ ಇಟ್ಟು, ಕಾಲು ತೆಗೆದು, ತೋಳು ಪೂರ್ತಿ ನೇರ ಆಗೋ ತನಕ ನಿಧಾನಕ್ಕೆ ಇಳಿಯೋದು. ನನ್ನ ಮೊದಲ ಚಿನ್-ಅಪ್ ಬಂದಿದ್ದು ಅದ್ರಿಂದ.

ಎಡಮೊಣಕೈ: ಹೊಸಬರಿಗೆ ನೆಗೆಟಿವ್ ಹೇಳೋ ಮುಂಚೆ ಸ್ವಲ್ಪ ಯೋಚ್ನೆ ಮಾಡ್ರೀ. ನಂಗೂ ಒಬ್ರು ಹಿಂಗೇ ಹೇಳಿದ್ರು. ಮೊಣಕೈ ಒಳಮಗ್ಗುಲಲ್ಲಿ ಮೂಳೆ ಉಬ್ಬಿರತ್ತಲ್ಲ, ಅಲ್ಲಿ ಶುರುವಾಯ್ತು, ಮೊದಲು ಬರೀ ಸೆಳೆತ, ಆಮೇಲೆ ಬಟ್ಟೆ ಹಿಂಡೋಕಾಗಲ್ಲ, ಬಾಟ್ಲಿ ಮುಚ್ಚಳ ತಿರುಗಿಸೋಕಾಗಲ್ಲ, ಯಾರಾದ್ರೂ ಕೈ ಕುಲುಕಿದ್ರೆ ಮುಂಗೈ ಉದ್ದಕ್ಕೂ ಉರಿ. ಗಾಲ್ಫರ್ಸ್ ಎಲ್ಬೋ ಅಂದ್ರು. ಎಳೆಯೋ ವ್ಯಾಯಾಮ ಎಲ್ಲಾ ಬಂದ್, ಫಿಜಿಯೋ ಹತ್ರ ಹಗುರ ಡಂಬ್‌ಬೆಲ್ ಹಿಡಿದು ಮಣಿಕಟ್ಟು ನಿಧಾನಕ್ಕೆ ಇಳಿಸೋದೊಂದೇ ಕೆಲಸ, ವಾಸಿ ಆಯ್ತು ಅಂತ ಬಾರ್ ಹಿಡಿದ್ರೆ ಮತ್ತೆ ನೋವು. ನನ್ನನ್ನ ವಾಪಸ್ ತಂದಿದ್ದು ಇದೇ ಮಷೀನು. ಅಂಗೈ ಎದುರುಬದುರು ಬರೋ ಹಿಡಿ ಹಿಡ್ಕೊಂಡು, ಸಹಾಯ ಜಾಸ್ತಿ ಇಟ್ಟು, ನೋವು ಬರದಷ್ಟೇ ಮಾಡ್ದೆ. ಇವತ್ತು ಬಾರಲ್ಲೂ ಮಾಡ್ತೀನಿ.

ಬರೀಬಾರ್: ನಿಮಗೆ ನೋವು ಬಂದ್ರೆ ನೆಗೆಟಿವ್ ತಪ್ಪಾ? ರೆಸ್ಟ್ ಕೊಡದೆ ದಿನಾ ಮಾಡಿರ್ತೀರಿ.

ಎಡಮೊಣಕೈ: ನಾನು ಎಷ್ಟು ಮಾಡ್ದೆ ಅಂತ ಪಕ್ಕದಲ್ಲಿ ನಿಂತು ನೋಡಿದ್ರಾ? ಸುಮ್ನೆ ಊಹೆ ಬೇಡ.

ಅಗಲಬೆನ್ನು: ಇಬ್ರೂ ಬಿಡ್ರಪ್ಪ, ಬಾರಿಗೆ ಕಟ್ಟಿ ಪಾದ ಊರೋ ರಬ್ಬರ್ ಬ್ಯಾಂಡ್ ತಗೊಳ್ಳಿ. ಮೈಯೂ ಬಿಗಿ ಇಡ್ಬೇಕಾಗತ್ತೆ, ಸಹಾಯನೂ ಸಿಗತ್ತೆ.

ಪುಲ್ಲಿ: ಬ್ಯಾಂಡ್ ಮಾತ್ರ ಬೇಡ. ಕೆಳಗಡೆ ಪೂರ್ತಿ ಎಳೆದಿರೋವಾಗ ಸಿಕ್ಕಾಪಟ್ಟೆ ಸಹಾಯ, ಮೇಲೆ ಹೋದಂಗೆ ಸಡಿಲ, ಇವ್ರಿಗೆ ಕಷ್ಟ ಇರೋದೇ ಮೇಲೆ. ನನ್ನ ಪಾದದಿಂದ ಜಾರಿ ಮುಖಕ್ಕೇ ಬಡೀತು, ಹುಬ್ಬು ಸೀಳಿ ಹೊಲಿಗೆ ಹಾಕಿದಾರೆ, ಗುರುತು ಹಂಗೇ ಇದೆ. ಇನ್ನು ಪಿನ್ ಮೇಲಿನ ನಂಬರ್ ನಂಬ್ಕೋಬೇಡಿ, ಲಿವರ್ ಇರೋ ಮಷೀನಲ್ಲಿ, ರಾಟೆ ಇರೋದ್ರಲ್ಲಿ 35 ಅಂದ್ರೆ ಒಂದೇ ಅಲ್ಲ. ಜಿಮ್ ಬದಲಾಯಿಸಿದಾಗ ನಂಗೆ ಅದೇ ನಂಬರಲ್ಲಿ ಮೂರು ರೆಪ್ ಕಷ್ಟ ಆಯ್ತು, ಶಕ್ತಿ ಹೋಯ್ತು ಅಂತ ಎಷ್ಟು ಕೊರಗಿದೀನಿ.

ಅಗಲಬೆನ್ನು: ಪಾದದಿಂದ ಜಾರತ್ತೆ ಅಂದ್ರೆ ಮಂಡಿಗೆ ಹಾಕ್ಕೊಳ್ಳಿ. ಸರಿಯಾಗಿ ಹಾಕ್ದೆ ಬ್ಯಾಂಡಿಗೆ ಬೈತಾರೆ.

ಪುಲ್ಲಿ: ಹೊಲಿಗೆ ಬಿದ್ದಿದ್ದು ನನ್ನ ಮುಖಕ್ಕೆ ಸ್ವಾಮಿ, ನೀವು ಪಾಠ ಹೇಳ್ಬೇಡಿ.

ಹೊಸ ಸೇರ್ಪಡೆ: ಎಲ್ರಿಗೂ ಥ್ಯಾಂಕ್ಸ್, ಆದ್ರೆ ಭುಜ?

ಎಡಮೊಣಕೈ: ಹೇಳ್ತೀನಿ ಕೇಳಮ್ಮ. ನೇತಾಡ್ತಾ ಇರೋವಾಗ ಮೊಣಕೈ ಮಡಚ್ದೆ ಬರೀ ಭುಜ ಕಿವಿಯಿಂದ ಕೆಳಗೆ ಎಳಿ, ಆಮೇಲೆ ಮೊಣಕೈನ ಪಕ್ಕೆಲುಬಿನ ಕಡೆ ಇಳಿಸು, ಎದೆ ಬಾರ್ ಕಡೆ ಬರ್ಲಿ. ಇಳಿಯೋವಾಗ ಧೊಪ್ ಅಂತ ಬಿಡ್ಬೇಡ. ಭುಜ ಏರೋಕೆ ಶುರುವಾದ್ರೆ ಸೆಟ್ ಅಲ್ಲಿಗೇ ಮುಗೀತು, ಗದ್ದ ಚಾಚಿ ಮಾಡಿದ ರೆಪ್ ಲೆಕ್ಕಕ್ಕಿಲ್ಲ. ಪಿನ್ 35ರಿಂದ 40ಕ್ಕೆ ಹಾಕು, ಸಹಾಯ ಜಾಸ್ತಿ ಆಗತ್ತೆ. ಮೂರು ಸೆಟ್ಟಲ್ಲೂ ಎಂಟು ಚೊಕ್ಕವಾಗಿ ಬಂದ್ಮೇಲೆ ಒಂದು ಪ್ಲೇಟ್ ಇಳಿಸು. ಮುಗಿದ್ಮೇಲೆ ಎರಡೂ ಮಂಡಿ ಒಟ್ಟಿಗೆ ತೆಗೀಬೇಡ, ಪ್ಯಾಡ್ ರಪ್ಪಂತ ಮೇಲೆ ಬರತ್ತೆ. ಮೊದಲು ಒಂದು ಕಾಲು ಮೆಟ್ಟಿಲ ಮೇಲೆ ಊರು, ಆಮೇಲೆ ಇನ್ನೊಂದು.

ಬರೀಬಾರ್: ಇಷ್ಟೆಲ್ಲಾ ಮಾಡಿ ಬಾರಿಗೆ ಹೋದ ದಿನ ಮೈ ತೂಗಾಡತ್ತಲ್ಲ, ಅದಕ್ಕೇನು ಉತ್ತರ?

ಎಡಮೊಣಕೈ: ಸೆಟ್ ಮುಗಿಸಿ ಬಾರಿಗೆ ನೇತಾಡಿ ಹೊಟ್ಟೆ ಬಿಗಿ ಹಿಡಿಯೋದು ಕಲಿತ್ರೆ ಆಯ್ತು. ಅದಕ್ಕೆ ಮಷೀನ್ ಯಾಕ್ರೀ ಬಿಡ್ಬೇಕು?