ಹಾವೇರಿಯಿಂದ ಕಂಪ್ಯೂಟರ್ ಸೈನ್ಸ್: ಹುಬ್ಬಳ್ಳಿಯೋ, ಮೈಸೂರೋ, ಬೆಂಗಳೂರೋ? ಅನುಭವ ಇದ್ದವರು ತಿಳಿಸಿ

ಹಾವೇರಿಯ ಶಿಕ್ಷಕಿ:
ಮಗಳ ಸಿಇಟಿ ರ್‍ಯಾಂಕ್ ಹನ್ನೊಂದು ಸಾವಿರದ ಆಸುಪಾಸು. ಅಣಕು ಸೀಟು ಹಂಚಿಕೆಯಲ್ಲಿ ಹುಬ್ಬಳ್ಳಿಯ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ (ನಮ್ಮ ಕಡೆಯವರಿಗೆ ಅದು ಇನ್ನೂ ಬಿವಿಬಿಯೇ) ಕಂಪ್ಯೂಟರ್ ಸೈನ್ಸ್ ತೋರಿಸುತ್ತಿದೆ. ಮೈಸೂರಿನ ಎಂಜಿನಿಯರಿಂಗ್ ಕಾಲೇಜು ಎನ್‌ಐಇಯಲ್ಲಿ ಇನ್ಫರ್ಮೇಶನ್ ಸೈನ್ಸ್ ಸಿಗಬಹುದು ಎನ್ನುತ್ತಾರೆ. ಬೆಂಗಳೂರಿನ ಹೊರವಲಯದ ಹೊಸ ಕಾಲೇಜುಗಳಲ್ಲಿ ಹೇಗೂ ಸೀಟು ಇದೆ. ಆಯ್ಕೆಪಟ್ಟಿ ತಿದ್ದಲು ಇನ್ನು ಮೂರೇ ದಿನ. ಮನೆಯಲ್ಲಿ ನಾನು, ಮಗಳು ಇಬ್ಬರೇ. ಹುಬ್ಬಳ್ಳಿಯಾದರೆ ಮೊದಲ ವರ್ಷವಾದರೂ ಹಾವೇರಿಯಿಂದ ದಿನವೂ ಹೋಗಿಬರಲು ಸಾಧ್ಯವೇ? ಯಾರಾದರೂ ಹಾಗೆ ಓಡಾಡಿದ್ದೀರಾ?

ಅರಸೀಕೆರೆಯ ತೋಟದವರು:
ಮೇಡಂ, ಆಡಳಿತ ಮಂಡಳಿ ಕೋಟಾದ ಕಡೆಗೆ ತಲೆಹಾಕಿಯೂ ಮಲಗಬೇಡಿ. ನನ್ನ ಮಗನಿಗೆ 2021ರಲ್ಲಿ ಹಾಗೆ ಸೀಟು ಕೊಂಡೆ. ಮೊದಲ ವರ್ಷ 6,50,000 ರೂಪಾಯಿ, ಮುಂದಿನ ಮೂರು ವರ್ಷ ತಲಾ 5,75,000. ಶುಲ್ಕವೇ 23,75,000 ಆಯಿತು. ಇದರ ಮೇಲೆ ಪಿಜಿಗೆ ತಿಂಗಳಿಗೆ 9,500, ಮುಂಗಡ 20,000. ಬಿಡುವಾಗ ಗೋಡೆಗೆ ಬಣ್ಣ ಎಂದು ಅದರಲ್ಲಿ 6,000 ಹಿಡಿದುಕೊಂಡರು. ಲ್ಯಾಪ್‌ಟಾಪ್ 68,000; ಎರಡನೆಯ ವರ್ಷ ಅದರ ಮೇಲೆ ಕಾಫಿ ಚೆಲ್ಲಿ ಮದರ್‌ಬೋರ್ಡ್‌ಗೆ 19,000. ಇದಕ್ಕಾಗಿ ಒಂದೂವರೆ ಎಕರೆ ತೆಂಗಿನ ತೋಟ ಮಾರಿದ್ದೇನೆ. ನನ್ನ ತಂದೆ ನೆಟ್ಟ ಮರಗಳು ಅವು. ಮಗನಿಗೆ ಕೆಲಸ ಸಿಕ್ಕಿದೆ, ವರ್ಷಕ್ಕೆ ನಾಲ್ಕೂವರೆ ಲಕ್ಷ. ಒಳ್ಳೆಯ ಹುಡುಗ, ತಿಂಗಳಿಗೆ ಎಂಟು ಸಾವಿರ ಮನೆಗೆ ಕಳುಹಿಸುತ್ತಾನೆ. ಆದರೂ ಆ ತೋಟದ ಪಕ್ಕದ ದಾರಿಯಲ್ಲಿ ಈಗ ನಾನು ಹೋಗುವುದಿಲ್ಲ.

ಡಿಪ್ಲೊಮಾದಿಂದ ಬಂದವನು:
ನಾನು ಎಸ್‌ಎಸ್‌ಎಲ್‌ಸಿ ಮುಗಿಸಿ ಸರ್ಕಾರಿ ಪಾಲಿಟೆಕ್ನಿಕ್ ಸೇರಿದೆ, ಆಮೇಲೆ ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ನೇರ ಎಂಜಿನಿಯರಿಂಗ್‌ನ ಮೂರನೆಯ ಸೆಮಿಸ್ಟರ್‌ಗೆ ಹೋದೆ. ಡಿಪ್ಲೊಮಾದ ಮೂರು ವರ್ಷಕ್ಕೆ ಅಪ್ಪ ಖರ್ಚು ಮಾಡಿದ್ದು ಬಸ್ ಪಾಸ್ ಸೇರಿ ನಲವತ್ತು ಸಾವಿರ ದಾಟಲಿಲ್ಲ. ಎಂಜಿನಿಯರಿಂಗ್‌ನಲ್ಲಿ ಊಟ-ವಸತಿಗೆ ಸರ್ಕಾರ ಕೊಡುವ ವಿದ್ಯಾಸಿರಿಯ 1,500 ರೂಪಾಯಿ ಹತ್ತು ತಿಂಗಳು ಬರುತ್ತಿತ್ತು, ಊಟಕ್ಕೆ ಅದೇ. ಕಷ್ಟ ಇರಲಿಲ್ಲವೆಂದಲ್ಲ. ಪಿಯುಸಿ ಓದದೆ ಬಂದವರು ಹೆಚ್ಚುವರಿ ಗಣಿತ ಪಾಸು ಮಾಡಬೇಕಿತ್ತು. ಎರಡು ಸಲ ಕೂತೆ. ಇಂದು ಇಪ್ಪತ್ತಮೂರು ಲಕ್ಷ ಸುರಿದವರ ಪಕ್ಕದ ಮೇಜಿನಲ್ಲೇ ಕೂತಿದ್ದೇನೆ. ದುಡ್ಡು ಕೊಟ್ಟು ಸೀಟು ಕೊಂಡವರು ಕೊನೆಗೆ ಅಳುವುದು ಏಕೆಂದು ನನಗೆ ಅರ್ಥವಾಗುವುದಿಲ್ಲ.

ಅರಸೀಕೆರೆಯ ತೋಟದವರು:
ತಮ್ಮಾ, ಮಾತು ನೋಡಿ ಆಡು. ನನ್ನ ಮಗ ಪಿಯುಸಿ ಎರಡನೆಯ ವರ್ಷ ಮನೆಯಲ್ಲಿ ಕೂತು ಮೊಬೈಲ್‌ನಲ್ಲಿ ಪಾಠ ಕೇಳಿದವನು. 2021ರಲ್ಲಿ ಪಿಯು ಪರೀಕ್ಷೆಯೇ ನಡೆಯಲಿಲ್ಲ, ಸಿಇಟಿ ಅಂಕದ ಮೇಲೆಯೇ ರ್‍ಯಾಂಕ್ ಕೊಟ್ಟರು. ಪಿಯುನಲ್ಲಿ ಅಂಕ ತೆಗೆಯಬಲ್ಲ ಹುಡುಗರಿಗೆ ಅದರಿಂದ ಆದ ನಷ್ಟ ನಿನಗೆ ಗೊತ್ತಿಲ್ಲ. ಮಗ ಊಟ ಬಿಟ್ಟು ಕೂತಾಗ ತಂದೆಯಾದವನು ತೋಟ ನೋಡುತ್ತಾನೆಯೇ?

ಯುವಿಸಿಇ 2009:
ಬೆಂಗಳೂರು ಎಂದರೆ ಹೊರವಲಯದ ಗಾಜಿನ ಕಟ್ಟಡಗಳು ಮಾತ್ರವೇ? ಕೆ.ಆರ್. ವೃತ್ತದಲ್ಲಿ ವಿಶ್ವೇಶ್ವರಯ್ಯನವರು 1917ರಲ್ಲಿ ಕಟ್ಟಿಸಿದ ಎಂಜಿನಿಯರಿಂಗ್ ಕಾಲೇಜು ಯುವಿಸಿಇ ಇದೆ. ನಾನು ಓದುವಾಗ ಅದು ಬೆಂಗಳೂರು ವಿಶ್ವವಿದ್ಯಾಲಯದ ಅಡಿಯಲ್ಲಿತ್ತು. 2021ರ ಕಾಯ್ದೆಯಿಂದ ಈಗ ಅದೇ ಒಂದು ವಿಶ್ವವಿದ್ಯಾಲಯ. ಸರ್ಕಾರಿ ಶುಲ್ಕ, ಊರ ನಡುವೆ ತರಗತಿ. ದೊಡ್ಡಬಳ್ಳಾಪುರದಿಂದ ನಾಲ್ಕು ವರ್ಷ ಬಸ್ಸಿನಲ್ಲಿ ಓಡಾಡಿದೆ. ಆಪರೇಟಿಂಗ್ ಸಿಸ್ಟಮ್ಸ್ ಪುಸ್ತಕವನ್ನು ಬಸ್ಸಿನಲ್ಲೇ ಎರಡು ಸಲ ಮುಗಿಸಿದೆ. ಹನ್ನೊಂದು ಸಾವಿರದ ರ್‍ಯಾಂಕಿಗೆ ಅಲ್ಲಿ ಕಂಪ್ಯೂಟರ್ ಸೈನ್ಸ್ ಸಿಗದಿರಬಹುದು, ಹಾಗಿದ್ದರೆ ಎಲೆಕ್ಟ್ರಾನಿಕ್ಸ್ ತೆಗೆದುಕೊಳ್ಳಲಿ. ಬೇರೆ ವಿಭಾಗದಿಂದ ಬಂದು ಸಾಫ್ಟ್‌ವೇರ್ ಬರೆಯುವವರು ನನ್ನ ತಂಡದಲ್ಲೇ ನಾಲ್ವರಿದ್ದಾರೆ.

ಎಐ-ಎಂಎಲ್ ವಿದ್ಯಾರ್ಥಿನಿ:
ಸರ್, ನಿಮ್ಮ ಕಾಲದ ಲೆಕ್ಕ ಈಗ ನಡೆಯುವುದಿಲ್ಲ. ಕ್ಯಾಂಪಸ್ಸಿಗೆ ಬರುವ ಎಷ್ಟೋ ಕಂಪನಿಗಳು ಅರ್ಜಿಯಲ್ಲೇ ವಿಭಾಗ ಕೇಳುತ್ತವೆ. ನನ್ನ ಗೆಳತಿ ಎಲೆಕ್ಟ್ರಾನಿಕ್ಸ್. ಮೊದಲ ಮೂರು ಕಂಪನಿಗಳಿಗೆ ಅವಳನ್ನು ಪರೀಕ್ಷೆಗೇ ಕೂರಿಸಲಿಲ್ಲ. ನಾನು ಇರುವುದು ನೀವು ಹೇಳುವ ಗಾಜಿನ ಕಟ್ಟಡದಲ್ಲೇ. 2024-25ರಿಂದ ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ ಎಐಸಿಟಿಇ ಸೀಟುಗಳ ಮಿತಿ ತೆಗೆದ ಮೇಲೆ ನಮ್ಮ ಕಾಲೇಜಿನಲ್ಲಿ ಎ ಇಂದ ಹಿಡಿದು ಕೆ ತನಕ ಸೆಕ್ಷನ್‌ಗಳಾಗಿವೆ. ಪ್ರಯೋಗಾಲಯದಲ್ಲಿ ಒಂದು ಯಂತ್ರಕ್ಕೆ ಇಬ್ಬರು. ನಮಗೆ ಪೈಥಾನ್ ಕಲಿಸಿದವರು ಹಿಂದಿನ ವರ್ಷ ತಾನೇ ಎಂ.ಟೆಕ್ ಮುಗಿಸಿದವರು, ಒಳ್ಳೆಯ ಹುಡುಗಿ, ಆದರೆ ಪ್ರಶ್ನೆ ಕೇಳಿದರೆ ಹೆದರುತ್ತಿದ್ದರು. 2024ರ ಬೇಸಿಗೆಯಲ್ಲಿ ನೀರಿಲ್ಲದೆ ನಮ್ಮ ಪಿಜಿಯಲ್ಲಿ ತಲೆಗೆ ಒಂದು ಬಕೆಟ್ ಎಂದು ಚೀಟಿ ಅಂಟಿಸಿದ್ದರು, ಬಾಡಿಗೆಯಲ್ಲಿ ಒಂದು ರೂಪಾಯಿ ಕಡಿಮೆ ಮಾಡಲಿಲ್ಲ.

ಯುವಿಸಿಇ 2009:
ಮೂರು ಕಂಪನಿ ಬಿಟ್ಟರೆ ನಾಲ್ಕನೆಯದು ಬರುತ್ತದೆ ತಾಯಿ. ಅಡಿಪಾಯ ಮುಖ್ಯ.

ಎಐ-ಎಂಎಲ್ ವಿದ್ಯಾರ್ಥಿನಿ:
ನಾಲ್ಕನೆಯದು ಬರುವ ತನಕ ಶಿಕ್ಷಣ ಸಾಲದ ಬಡ್ಡಿ ನಿಲ್ಲುವುದಿಲ್ಲ ಸರ್. ನಿಮ್ಮ ಶುಲ್ಕ ಸರ್ಕಾರ ಕಟ್ಟಿತು, ನನ್ನದು ಬ್ಯಾಂಕ್ ಕಟ್ಟಿದೆ.

ಮೂರನೆಯ ಆಯ್ಕೆ ಒತ್ತಿದ ತಂದೆ:
ಇವರೆಲ್ಲ ಕಾಲೇಜಿನ ಮಾತು ಆಡುತ್ತಿದ್ದಾರೆ, ನಾನು ಸೀಟು ಬಂದ ಮೇಲೆ ಒತ್ತುವ ಆಯ್ಕೆಯ ಗುಂಡಿಯ ಮಾತು ಹೇಳುತ್ತೇನೆ. ಮೊದಲ ಸುತ್ತಿನಲ್ಲಿ ಮಗಳಿಗೆ ಹಾಸನದಲ್ಲಿ ಕಂಪ್ಯೂಟರ್ ಸೈನ್ಸ್ ಬಂದಿತ್ತು. ಎರಡನೆಯ ಆಯ್ಕೆ ಒತ್ತಿ ಶುಲ್ಕ ಕಟ್ಟಿದ್ದರೆ ಆ ಸೀಟು ಕೈಯಲ್ಲಿರುತ್ತಿತ್ತು, ಮೇಲಿನದು ಸಿಕ್ಕರೆ ಅದಕ್ಕೆ ಹೋಗಬಹುದಿತ್ತು. ಶುಲ್ಕಕ್ಕೆ ಅಂದು ದುಡ್ಡು ಜೋಡಿಸಿರಲಿಲ್ಲ. ಸೊಸೈಟಿಯಿಂದ ಸೋಮವಾರ ಬರಬೇಕಿತ್ತು. ಮುಂದಿನ ಸುತ್ತಿನಲ್ಲಿ ನೋಡಿದರಾಯಿತು ಎಂದು ಮೂರನೆಯ ಆಯ್ಕೆ ಒತ್ತಿದೆ. ಬಂದ ಸೀಟು ಹೋಯಿತು, ಮುಂದಿನ ಸುತ್ತಿನಲ್ಲಿ ಸಿವಿಲ್ ಬಂತು. ಮಗಳು ಇಂದಿಗೂ ಒಂದು ಮಾತು ಆಡಿಲ್ಲ. ಆಡಿದ್ದರೆ ಚೆನ್ನಾಗಿತ್ತು. ಮೇಡಂ, ಶುಲ್ಕದ ಹಣವನ್ನು ಈಗಲೇ ಖಾತೆಯಲ್ಲಿ ಇಡಿ.

ಡಿಪ್ಲೊಮಾದಿಂದ ಬಂದವನು:
ಆದಾಯ ಎಂಟು ಲಕ್ಷದೊಳಗಿದ್ದರೆ ಕಡಿಮೆ ಆದಾಯದವರ ಹೆಚ್ಚುವರಿ ಸೀಟು, ಅಂದರೆ ಎಸ್‌ಎನ್‌ಕ್ಯೂ ಕೇಳಬಹುದಿತ್ತಲ್ಲ? ಬೋಧನಾ ಶುಲ್ಕವೇ ಇಲ್ಲ.

ಮೂರನೆಯ ಆಯ್ಕೆ ಒತ್ತಿದ ತಂದೆ:
ಕಾಲೇಜಿಗೆ ನೂರಕ್ಕೆ ಐದು ಸೀಟು ಅದು. ಕೇಳಿದವರಿಗೆಲ್ಲ ಸಿಗುತ್ತದೆಯೇ? ಎಲ್ಲರಿಗೂ ಬುದ್ಧಿ ಹೇಳುವುದನ್ನು ಬಿಡಿ.

ವರ್ಷ ಕಳೆದುಕೊಂಡವಳು:
ಮೈಸೂರಿನ ಮಾತು ಬಂತೆಂದು ಬರೆಯುತ್ತಿದ್ದೇನೆ. ನಾನು ಓದಿದ ಕಾಲೇಜಿನ ಹೆಸರು ಹೇಳುವುದಿಲ್ಲ. ಏಳನೆಯ ತರಗತಿಯ ತನಕ ಕನ್ನಡ ಮಾಧ್ಯಮ, ಮನೆ ಬಿಟ್ಟು ಒಂದು ರಾತ್ರಿ ಹೊರಗೆ ಮಲಗಿದವಳಲ್ಲ. ಮೊದಲ ಸೆಮಿಸ್ಟರ್‌ನಲ್ಲಿ ಹದಿನಾಲ್ಕು ಸಲ ಊರಿಗೆ ಬಂದೆ. ಹಾಜರಿ 85 ಬೇಕು, ನನ್ನದು 71. ಎಂ3, ಅಂದರೆ ಮೂರನೆಯ ಸೆಮಿಸ್ಟರ್‌ನ ಗಣಿತ, ಮೂರು ಸಲ ಬರೆದೆ. ಎರಡನೆಯ ಸಲ 2 ಅಂಕಕ್ಕೆ ಹೋಯಿತು. ಮರುಮೌಲ್ಯಮಾಪನಕ್ಕೆ ದುಡ್ಡು ಕಟ್ಟಿದೆ, ಒಂದು ಅಂಕವೂ ಅಲುಗಲಿಲ್ಲ. ಒಂದು ವರ್ಷ ಮನೆಯಲ್ಲಿ ಕೂತೆ. ನೆಂಟರು ಬಂದರೆ ಅಟ್ಟ ಹತ್ತುತ್ತಿದ್ದೆ. ಆಮೇಲೆ ಮುಗಿಸಿದೆ, ಕೆಲಸವೂ ಆಯಿತು. ಆದರೆ ಅರ್ಜಿ ತುಂಬುವಾಗಲೆಲ್ಲ ಆ ಒಂದು ವರ್ಷಕ್ಕೆ ಕಾರಣ ಬರೆಯಬೇಕು. ಅಕ್ಕ, ಹುಡುಗಿಗೆ ಮನೆ ಬಿಟ್ಟಿರಲು ಆಗುತ್ತದೆಯೇ ಎಂದು ಅವಳನ್ನೇ ಕೇಳಿದಿರಾ?

ಯುವಿಸಿಇ 2009:
ಹದಿನೆಂಟು ತುಂಬಿದ ಮಕ್ಕಳು ಮನೆ ಬಿಡಲೇಬೇಕು. ಹೀಗೆ ಸೆರಗಿನಲ್ಲಿ ಕಟ್ಟಿಕೊಂಡರೆ ಯಾವಾಗ ಬೆಳೆಯುತ್ತಾರೆ?

ವರ್ಷ ಕಳೆದುಕೊಂಡವಳು:
ನಾಲ್ಕು ವರ್ಷವೂ ರಾತ್ರಿ ದೊಡ್ಡಬಳ್ಳಾಪುರದ ಮನೆಗೆ ಹೋಗಿ ಅಮ್ಮ ಮಾಡಿದ ಊಟ ಉಂಡವರು ನೀವು. ಈ ಮಾತು ನಿಮಗೆ ಸಲ್ಲದು.

ಎಐ-ಎಂಎಲ್ ವಿದ್ಯಾರ್ಥಿನಿ:
ಸರಿಯಾಗಿ ಹೇಳಿದಿರಿ ಅಕ್ಕ.

ಅರಸೀಕೆರೆಯ ತೋಟದವರು:
ಊಟದ ಮಾತು ಬಂತು. ಪಿಜಿಯಲ್ಲಿ ಭಾನುವಾರ ರಾತ್ರಿ ಅಡುಗೆಯೇ ಇಲ್ಲ, ತಿಂಗಳ ದುಡ್ಡು ಮಾತ್ರ ಪೂರ್ತಿ. ಮಗ ಬಂದಾಗ ಚಕ್ಕುಲಿ, ಕೊಬ್ಬರಿ ಮಿಠಾಯಿ ಕಟ್ಟಿ ಕೊಡುತ್ತಿದ್ದೆವು. ಅದನ್ನೂ ಕೋಣೆಯವರೆಲ್ಲ ಎರಡು ದಿನದಲ್ಲಿ ಮುಗಿಸುತ್ತಿದ್ದರು.

ಹಾವೇರಿಯ ಶಿಕ್ಷಕಿ:
ಎಲ್ಲರೂ ಮನಸ್ಸು ಬಿಚ್ಚಿ ಬರೆದಿದ್ದೀರಿ, ಮಗಳಿಗೂ ಓದಿ ಹೇಳಿದೆ. ಅವಳು ಎಲೆಕ್ಟ್ರಾನಿಕ್ಸ್ ಬೇಡವೆಂದಳು. ನಾನು ಕೇಳಿದ್ದು ಹಾವೇರಿ–ಹುಬ್ಬಳ್ಳಿ ಓಡಾಟದ ವಿಚಾರ. ಅದಕ್ಕೆ ಇನ್ನೂ ಯಾರೂ ಉತ್ತರಿಸಿಲ್ಲ.

ಬ್ಯಾಡಗಿಯವನು:
ಮೇಡಂ, ನಾನು ಒಂದು ಸೆಮಿಸ್ಟರ್ ಪೂರ್ತಿ ಓಡಾಡಿದ್ದೇನೆ, ನಿಮಗಿಂತಲೂ ದೂರದ ಊರಿನಿಂದ. ಬೆಳಿಗ್ಗೆ ಐದೂಕಾಲಿಗೆ ಮನೆ ಬಿಡುತ್ತಿದ್ದೆ. ಹುಬ್ಬಳ್ಳಿಯಲ್ಲಿ ಇಳಿದು ಹುಬ್ಬಳ್ಳಿ-ಧಾರವಾಡ ನಡುವಿನ ಚಿಗರಿ ಬಸ್ ಹಿಡಿದು ಕಾಲೇಜಿರುವ ವಿದ್ಯಾನಗರ. ಸಂಜೆ ಪ್ರಯೋಗಾಲಯ ಇದ್ದ ದಿನ ಮನೆ ಮುಟ್ಟುವಾಗ ಒಂಬತ್ತು. ನಿಮ್ಮ ಮಗಳಿಗೆ ಶಕ್ತಿ ಯೋಜನೆ ಇದೆ, ಸಾಮಾನ್ಯ ಬಸ್ಸಿಗೆ ಟಿಕೆಟ್ ದುಡ್ಡು ಬೇಡ. ಆಗ ನನಗೆ ಪಾಸ್ ಇದ್ದರೂ ಒಮ್ಮೊಮ್ಮೆ ನಿಂತೇ ಬರಬೇಕಿತ್ತು. ಎರಡನೆಯ ಸೆಮಿಸ್ಟರ್‌ಗೆ ಮೂವರು ಸೇರಿ ಕೋಣೆ ಹಿಡಿದೆವು. ಶುಕ್ರವಾರ ರಾತ್ರಿ ಊರಿಗೆ, ಸೋಮವಾರ ನಸುಕಿಗೆ ಮತ್ತೆ ಬಸ್ಸು. ಅವ್ವ ವಾರಕ್ಕಾಗುವಷ್ಟು ಕಟಿಗಿರೊಟ್ಟಿ, ಶೇಂಗಾ ಚಟ್ನಿ ಕಟ್ಟುತ್ತಿದ್ದಳು.

ಡಿಪ್ಲೊಮಾದಿಂದ ಬಂದವನು:
ಮೂವರ ಕೋಣೆಗೆ ಬಾಡಿಗೆ ಎಷ್ಟಿತ್ತು?

ಬ್ಯಾಡಗಿಯವನು:
6,000. ಕರೆಂಟ್ ಬೇರೆ. ಮುಂಗಡ 15,000 ಕೊಟ್ಟಿದ್ದೆವು, ಬಿಡುವಾಗ ಪೂರ್ತಿ ವಾಪಸ್ ಬಂತು.

ಅರಸೀಕೆರೆಯ ತೋಟದವರು:
ಪೂರ್ತಿ ಬಂತೇ?