ಗುಳೆ ಹೋದವರಿಗೆ ಫೋನಿನಲ್ಲೇ ಓಟು ಹಾಕಲು ಯಾಕೆ ಬಿಡಬಾರದು?

ಸಿಂಧನೂರು ಹುಡುಗ:
ನಾನು ಗೊಬ್ಬರದ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಬಿಲ್ಲು, ಸ್ಟಾಕು, ಜಿಎಸ್‌ಟಿ ಎಲ್ಲ ಟ್ಯಾಲಿ ಅನ್ನುವ ಲೆಕ್ಕದ ಸಾಫ್ಟ್‌ವೇರಿನಲ್ಲೇ. ರೈತರು ಬಾಕಿಯನ್ನೂ ಫೋನ್‌ಪೇ ಮಾಡುತ್ತಾರೆ. ನಮ್ಮ ಚಿಕ್ಕಪ್ಪ, ಚಿಕ್ಕಮ್ಮ ಬೆಂಗಳೂರಿಗೆ ಗುಳೆ ಹೋಗಿದ್ದಾರೆ, ಕಟ್ಟಡದ ಕೆಲಸ. 2024ರ ಮೇ 7ಕ್ಕೆ ಓಟಿಗೆ ಬರಲಿಲ್ಲ, ಬಂದಿದ್ದರೆ ಬಸ್ ಚಾರ್ಜು ಹೋಗುತ್ತಿತ್ತು, ಎರಡು ದಿನದ ಕೂಲಿಯೂ ಹೋಗುತ್ತಿತ್ತು. ಲಕ್ಷ ರೂಪಾಯಿ ಫೋನಿನಲ್ಲಿ ಕಳಿಸಬಹುದಾದರೆ ಒಂದು ಓಟು ಯಾಕೆ ಆಗಲ್ಲ?

ಕೊಪ್ಪಳ ಮಾಸ್ತರ್:
ತಮ್ಮಾ, ನಾನು ಐದಾರು ಸಲ ಎಲೆಕ್ಷನ್ ಡ್ಯೂಟಿ ಮಾಡಿದ್ದೇನೆ. ಒಂದು ಬೂತಿನಲ್ಲಿ ಅಜ್ಜಿಯೊಬ್ಬರು ಬಂದರು. ಗಟ್ಟಿಮುಟ್ಟಾಗಿದ್ದರು, ಕಣ್ಣೂ ಚೆನ್ನಾಗಿತ್ತು. ಮಗ ಹಿಂದೆಯೇ ಬಂದು "ಅವ್ವಗ ತಿಳಿಯಂಗಿಲ್ಲ, ನಾ ಒತ್ತಸ್ತೀನಿ" ಅಂದ. ಕಣ್ಣು ಕಾಣದವರಿಗೆ, ಕೈಲಾಗದವರಿಗೆ ಮಾತ್ರ ಜೊತೆಯವರನ್ನು ಬಿಡಬಹುದು, ಹಾಗಾಗಿ ಅವನನ್ನು ಬಾಗಿಲಲ್ಲೇ ನಿಲ್ಲಿಸಿದೆ. ಅಜ್ಜಿ ರಟ್ಟಿನ ಮರೆಗೆ ಒಬ್ಬರೇ ಹೋದರು. ಯಾರಿಗೆ ಓಟು ಬಿತ್ತು ಅಂತ ತೋರಿಸುವ ವಿವಿಪ್ಯಾಟ್ ಯಂತ್ರದ ಕಿಟಕಿಯಲ್ಲಿ ಚೀಟಿ ಕಾಣುವುದು 7 ಸೆಕೆಂಡು. ಅದು ಬೀಳುವ ತನಕ ಬಗ್ಗಿ ನೋಡಿ, ಬೀಪ್ ಆದ ಮೇಲೆ ಸೆರಗು ಸರಿಮಾಡಿಕೊಂಡು ಹೊರಗೆ ಬಂದರು. ಮಗ ಏನು ಕೇಳಿದರೂ ಬಾಯಿ ಬಿಡಲಿಲ್ಲ. ಫೋನಿನಲ್ಲಿ ಓಟು ಅಂದರೆ ಆ ಮರೆ ಎಲ್ಲಿಂದ ತರುತ್ತೀಯ? ಮನೆಯ ನಾಲ್ಕು ಫೋನೂ ಯಜಮಾನನ ಕೈಯಲ್ಲೇ ಇರುತ್ತವೆ. ನಿನ್ನ ಚಿಕ್ಕಮ್ಮನ ಫೋನು ಮೇಸ್ತ್ರಿ ಕೈಗೆ ಹೋಗಲ್ಲ ಅಂತ ಏನು ಗ್ಯಾರಂಟಿ?

ಬಳ್ಳಾರಿ ಸಿಸ್ಟಂ:
ಮಾಸ್ತರ್ ಹೇಳಿದ್ದು ಸರಿ. ನಾನು ಆಫೀಸುಗಳ ಕಂಪ್ಯೂಟರ್ ನೋಡಿಕೊಳ್ಳುವವನು, ಆ ಕಡೆಯಿಂದ ಹೇಳುತ್ತೇನೆ. ದುಡ್ಡು ತಪ್ಪಿದರೆ ಹಿಡಿಯಬಹುದು, ಯಾಕಂದರೆ ಪ್ರತಿ ಎಂಟ್ರಿಗೂ ಹೆಸರು, ಹೊತ್ತು, ನಂಬರ್ ಇರುತ್ತದೆ. ನಿನ್ನ ಟ್ಯಾಲಿಯಲ್ಲಿ ಐನೂರು ರೂಪಾಯಿ ವ್ಯತ್ಯಾಸ ಬಂದರೆ ರಾತ್ರಿ ಕೂತು ಹುಡುಕುತ್ತೀಯ, ಅಲ್ವಾ? ಓಟಿಗೆ ಹೆಸರೇ ಅಂಟಿರಬಾರದು. ಹೆಸರಿಲ್ಲದ ಎಂಟ್ರಿ ಬದಲಾದರೆ ಯಾರು ಬಂದು "ನನ್ನದು ತಪ್ಪಾಗಿದೆ" ಅನ್ನುತ್ತಾರೆ? ಹೋದ ತಿಂಗಳು ಒಂದು ಕಡೆ ಹುಡುಗನೊಬ್ಬ ವಾಟ್ಸಾಪಿನಲ್ಲಿ ಬಂದ ಮದುವೆ ಕಾರ್ಡಿನ ಹೆಸರಿನ ಎಪಿಕೆ, ಅಂದರೆ ಫೋನಿಗೆ ಆ್ಯಪ್ ಹಾಕುವ ಫೈಲು, ಒತ್ತಿದ, ಖಾತೆ ಖಾಲಿ. ಅಂಥ ಫೋನಿನಲ್ಲೇ ಓಟು ಅಂದರೆ ನನಗೆ ಭಯ. ಇವಿಎಂಗೆ ಇಂಟರ್ನೆಟ್ಟೇ ಇಲ್ಲ, ಅದೇ ಅದರ ಬಲ. ಸೈನಿಕರಿಗೂ ಮತಪತ್ರ ಆನ್‌ಲೈನಲ್ಲಿ ಬರುತ್ತದೆ ನಿಜ, ಆದರೆ ಪ್ರಿಂಟ್ ತೆಗೆದು ಗುರುತು ಹಾಕಿ ಅಂಚೆಗೇ ಹಾಕಬೇಕು.

ಲಿಂಗಸುಗೂರು ಅಕ್ಕ:
ಇಬ್ಬರ ಮಾತೂ ಒಪ್ಪಿದೆ, ಆದರೆ ಹುಡುಗ ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ಗುಳೆ ಹೋದವರ ಓಟು ಹಾಗೇ ಹೋಗಲಿ ಅಂತಲೇ? ಒಂದೇ ಯಂತ್ರದಲ್ಲಿ 72 ಕ್ಷೇತ್ರಗಳ ಓಟು ಹಾಕುವ ಮಾದರಿ ಇದೆ, ದುಡಿಯುವ ಊರಿನ ಬೂತಿನಲ್ಲೇ ಒತ್ತಬಹುದು ಅಂತ ಚುನಾವಣಾ ಆಯೋಗ 2022ರ ಡಿಸೆಂಬರ್‌ನಲ್ಲಿ ಹೇಳಿತ್ತು. ಮರೆಯೂ ಉಳಿಯುತ್ತದೆ, ಕೂಲಿಯೂ ಉಳಿಯುತ್ತದೆ. ಪಕ್ಷಗಳು ಒಪ್ಪಲಿಲ್ಲ, ಅಲ್ಲಿಗೇ ನಿಂತಿತು. ಓಟಿನ ದಿನ ದಿನಗೂಲಿಯವರಿಗೂ ಸಂಬಳದ ರಜೆ ಕೊಡಬೇಕು ಅಂತ ಕಾನೂನಿದೆ, ಸರಿ, ಆದರೆ ಒಂದು ದಿನದ ರಜೆಯಲ್ಲಿ ಬೆಂಗಳೂರಿಂದ ನಮ್ಮೂರಿಗೆ ಬಂದು ತಿರುಗಿ ಹೋಗೋಕೆ ಆಗುತ್ತಾ? ಸದ್ಯಕ್ಕೆ ಫಾರಂ 8 ತುಂಬಿ ಹೆಸರನ್ನು ಬೆಂಗಳೂರಿನ ಮತದಾರರ ಪಟ್ಟಿಗೆ ಬದಲಾಯಿಸಿಕೊಳ್ಳಲಿ.

ಸಿಂಧನೂರು ಹುಡುಗ:
ಅಕ್ಕಾ, ಹೆಸರು ಅಲ್ಲಿಗೆ ಹೋದರೆ ಊರಿನ ಪಂಚಾಯ್ತಿ ಓಟು ಹೋಗುತ್ತದೆ. ನಮ್ಮ ಓಣಿಗೆ ನಲ್ಲಿ ಹಾಕಿಸುವುದು ಆ ಮೆಂಬರ್ರೇ, ಚಿಕ್ಕಮ್ಮ ಒಪ್ಪಲ್ಲ. ಮಾಸ್ತರೇ, ಮೇಸ್ತ್ರಿ ಕೈಗೆ ಫೋನ್ ಹೋಗುವ ಮಾತು ನನಗೆ ಹೊಳೆದೇ ಇರಲಿಲ್ಲ. ಫೋನಿನ ಮಾತು ಬಿಟ್ಟೆ, ಆ 72 ಕ್ಷೇತ್ರದ ಯಂತ್ರ ಬರಲಿ.