ನೋ ಫಾಲ್ಟ್ ಲಯಬಿಲಿಟಿ: ‘ತಪ್ಪಿಲ್ಲದ ಹೊಣೆ’ ಸರಿಯೇ?

ಮಾನ್ಯರೇ,

ರಸ್ತೆ ದಾಟುವಾಗ ಕಾರು ಡಿಕ್ಕಿ ಹೊಡೆದು ಗಾಯಗೊಂಡ ಪಾದಚಾರಿಗಳು ಪರಿಹಾರಕ್ಕೆ ಅರ್ಜಿ ಹಾಕುವ ಬಗೆಯನ್ನು ತಿಳಿಸುವ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ಬರುವ ‘ನೋ ಫಾಲ್ಟ್ ಲಯಬಿಲಿಟಿ’ಗೆ ‘ತಪ್ಪಿಲ್ಲದ ಹೊಣೆ’ ಎಂದು ಬರೆದಿದ್ದೆ. ಕರಡನ್ನು ಓದಿದ ಬಸವನಗುಡಿಯ ಹಿರಿಯರೊಬ್ಬರು, ‘ಹಾಗಾದರೆ ಡ್ರೈವರ್‌ದು ತಪ್ಪಿಲ್ಲ ಅಂತ ನಾವೇ ಮೊದಲು ಒಪ್ಪಿಕೊಂಡ ಹಾಗಾಯಿತಲ್ಲ?’ ಎಂದು ಕೇಳಿದರು. ಪದವನ್ನು ಹಾಗಲ್ಲದೆ ಬೇರೆ ಬಗೆಯಲ್ಲಿ ಓದಲು ನನಗೂ ಆಗಲಿಲ್ಲ.

1988ರ ಮೋಟಾರು ವಾಹನಗಳ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯ ಪ್ರಕಾರ, 164ನೇ ಕಲಂನಡಿ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿಗಳನ್ನು ವಾಹನದ ಮಾಲೀಕರು ಅಥವಾ ವಿಮಾ ಕಂಪನಿ ಕೊಡಬೇಕು. ಅರ್ಜಿದಾರರು ಯಾರ ತಪ್ಪನ್ನೂ ಸಾಬೀತುಪಡಿಸಬೇಕಾಗಿಲ್ಲ, ‘ನೋ ಫಾಲ್ಟ್ ಲಯಬಿಲಿಟಿ’ ಎಂದರೆ ಇದೇ. ತಪ್ಪು ಇದ್ದರೂ ಇರಬಹುದು, ಅದನ್ನು ಕೆದಕುವುದಿಲ್ಲ, ಅಷ್ಟೆ. 166ನೇ ಕಲಂನ ಅರ್ಜಿಯಲ್ಲಾದರೋ ಚಾಲಕರ ನಿರ್ಲಕ್ಷ್ಯವನ್ನು ತೋರಿಸಬೇಕು. ಪಾದಚಾರಿಯ ನಿರ್ಲಕ್ಷ್ಯದ ಪಾಲೂ ಇದೆಯೆಂದು ಕಂಡುಬಂದರೆ ಪರಿಹಾರ ಅಷ್ಟರಮಟ್ಟಿಗೆ ಕಡಿತವಾಗುತ್ತದೆ.

‘ದೋಷನಿರಪೇಕ್ಷ ಹೊಣೆ’ ಎಂಬುದು ಅರ್ಥಕ್ಕೆ ಒಪ್ಪುತ್ತದೆ, ಆದರೆ ಮುರಿದ ಕಾಲಿಗೆ ಕಟ್ಟು ಹಾಕಿಸಿಕೊಂಡು ಮನೆಯಲ್ಲಿ ಕೂತವರ ಕೈಗೆ ಕೊಡುವ ಪದವಲ್ಲ. ‘ತಪ್ಪೆಣಿಸದ ಹೊಣೆ’ ಎಂದರೆ ‘ತಪ್ಪೆಣಿಸಬೇಡಿ’ ಎಂಬ ಕ್ಷಮೆಯ ಮಾತು ನೆನಪಾಗುತ್ತದೆ. ಸದ್ಯಕ್ಕೆ ‘ತಪ್ಪು ನೋಡದ ಹೊಣೆ’ಯ ಕಡೆ ವಾಲಿದ್ದೇನೆ.

‘ಹೊಣೆ’ಯನ್ನಂತೂ ಬಿಡಲಾರೆ. ಹಳಗನ್ನಡದ ‘ಪೊಣೆ’ಗೆ ಜಾಮೀನು ಎಂಬ ಅರ್ಥವಿದೆ, ಇನ್ನೊಬ್ಬರ ಬಾಕಿಗೆ ತಾನು ನಿಲ್ಲುವುದು. ಸ್ಟಿಯರಿಂಗ್ ಮುಟ್ಟದ ಮಾಲೀಕರೂ ವಿಮಾ ಕಂಪನಿಯೂ ಹಣ ತೆರುವುದಕ್ಕೆ ಇದಕ್ಕಿಂತ ಹೊಂದುವ ಪದ ಸಿಗದು. ‘ಜವಾಬ್ದಾರಿ’ಯೊಳಗೆ ಜವಾಬು, ಅಂದರೆ ಉತ್ತರ, ಇರುವುದರಿಂದ ಅದನ್ನು ಕ್ರಿಮಿನಲ್ ಪ್ರಕರಣದಲ್ಲಿ ತಾವೇ ಉತ್ತರಿಸಬೇಕಾದ ಚಾಲಕರಿಗೆ ಮೀಸಲಿಡಬಹುದೇನೋ. (ಆ ಪ್ರಕರಣಗಳ ದೂರಿನಲ್ಲಿ ‘ರ‍್ಯಾಶ್’ ಅಂದರೆ ದುಡುಕಿನ ಚಾಲನೆ ಎಂಬುದು ‘ಅತಿವೇಗ’ವಾಗಿಬಿಟ್ಟಿರುವುದು ನನಗೆ ಒಪ್ಪಿಗೆಯಿಲ್ಲ, ಓಣಿಯಲ್ಲಿ ಹಿಂದೆ ನೋಡದೆ ನಿಧಾನವಾಗಿ ರಿವರ್ಸ್ ತೆಗೆಯುವುದೂ ದುಡುಕೇ.)

ಬೆಂಗಳೂರಿನ ಲಘು ವ್ಯವಹಾರಗಳ ನ್ಯಾಯಾಲಯದಲ್ಲಿ ಇಂತಹ ಅರ್ಜಿಗಳನ್ನು ನಡೆಸುವ ವಕೀಲರು ಕನ್ನಡದಲ್ಲಿ ಕಕ್ಷಿದಾರರಿಗೆ ವಿವರಿಸುವಾಗ 164ನೇ ಕಲಂನ ಈ ಹೊಣೆಯನ್ನು ಏನೆಂದು ಕರೆಯುತ್ತಾರೆ? ಬಲ್ಲವರು ದಯವಿಟ್ಟು ತಿಳಿಸಬೇಕು.